ಅನಿರ್ವೇದವೂ ಆರೋಗ್ಯವೂ



ಕಳೆದ ಚಾತುರ್ಮಾಸ್ಯದಲ್ಲಿ ಸೂರತ್ತಿನಲ್ಲಿ ನಮ್ಮ ಪ್ರವಚನ ಮುಗಿದು, ತೀರ್ಥಪ್ರಸಾದ ವಿನಿಯೋಗವೂ ಆದ ಮೇಲೆ ಒಬ್ಬ ತಾಯಿ ಬಂದು ನಮಸ್ಕರಿಸಿ ನಿಂತರು. ಮೂಲತಃ ರಾಯಚೂರಿನ ಕಡೆಯವರು. ಯಜಮಾನರು ಹಜೀರಾದ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಎರಡು ತಿಂಗಳ ಹಿಂದೆ ಅವರಿಗೆ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯಾಗಿತ್ತು. ಗಾಯ ಮಾಗಿದೆ, ಪರೀಕ್ಷೆಯ ವರದಿಗಳೆಲ್ಲ ಸರಿಯಾಗಿಯೇ ಇವೆ. ಆದರೆ ಅವರು ಹಾಸಿಗೆ ಬಿಟ್ಟು ಏಳುತ್ತಿಲ್ಲ, ಗೋಡೆಯ ಕಡೆ ಮುಖ ಮಾಡಿ ಮಲಗಿಯೇ ಇರುತ್ತಾರೆ. ಆ ತಾಯಿ ಹೇಳಿದರು: "ಡಾಕ್ಟರು ಧೈರ್ಯಾ ತಂದ್ಕೊಳ್ರಿ ಅಂತಾರ. ಮಕ್ಕಳು ಫೋನಿನ್ಯಾಗ ಧೈರ್ಯಾ ತಂದ್ಕೊಳ್ರಿ ಅಂತಾರ. ಬಂದವರೆಲ್ಲಾ ಅದನ್ನೇ ಹೇಳತಾರ. ತಂದ್ಕೋತೀವಿ ಆಚಾರ್ರೇ, ಆದ್ರ ಎಲ್ಲಿಂದ ತರಬೇಕು?"

ಅಂದು ನಮಗೆ ಉತ್ತರ ಹೊಳೆಯಲಿಲ್ಲ. ಹರಿ ಇದ್ದಾನೆ, ಎಲ್ಲ ಒಳ್ಳೆಯದಾಗುತ್ತದೆ ಎಂದು ಹೇಳಿ ಮಂತ್ರಾಕ್ಷತೆ ಕೊಟ್ಟು ಕಳುಹಿಸಿದೆವು. ಆದರೆ ವಡೋದರಕ್ಕೆ ಹಿಂದಿರುಗುವ ಗಾಡಿಯಲ್ಲಿ ಕುಳಿತಾಗ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಆ ತಾಯಿ ಕೇಳಿದ್ದು ಧೈರ್ಯ ಬೇಕೇ ಬೇಡವೇ ಎಂದಲ್ಲ. ಅದು ಸಿಗುವ ಸ್ಥಳ ಯಾವುದು ಎಂದು. ಊರು ಬಿಟ್ಟು ಬಂದು ಅಹಮದಾಬಾದು, ವಡೋದರ, ಸೂರತ್ತುಗಳಲ್ಲಿ ನೆಲೆಸಿರುವ ನಮ್ಮ ಅನೇಕ ಮನೆಗಳಲ್ಲಿ ಈ ಪ್ರಶ್ನೆ ಬಾಯಿಬಿಡದೆ ಕುಳಿತಿರುತ್ತದೆ. ಆದುದರಿಂದ ಅಂದು ಕೊಡಲಾರದೆ ಹೋದ ಉತ್ತರವನ್ನು ಇಲ್ಲಿ ಬರೆಯಲು ಯತ್ನಿಸುತ್ತೇವೆ.

ಮೊದಲು ಒಂದು ಪದದ ವಿಚಾರ. ಇಂದು ಎಲ್ಲೆಡೆ 'ಆಶಾವಾದ'ವೆಂಬ ಮಾತು ಕೇಳಿಬರುತ್ತದೆ. ಅದನ್ನು ಕೇಳಿದೊಡನೆ ನಮ್ಮಂಥವರಿಗೆ ಸ್ವಲ್ಪ ಸಂಕೋಚವಾಗುತ್ತದೆ. ಏಕೆಂದರೆ ನಮ್ಮ ಶಾಸ್ತ್ರಗಳೂ ದಾಸರ ಪದಗಳೂ ಆಶೆಯನ್ನು ಪಾಶವೆಂದೇ ಎಣಿಸಿ ಅದನ್ನು ಬಿಡಬೇಕೆಂದು ಬೋಧಿಸುತ್ತವೆ. ಬಿಡಬೇಕಾದುದನ್ನೇ ಔಷಧವೆಂದು ಸೇವಿಸುವುದು ಹೇಗೆ? ಈ ಸಂದೇಹಕ್ಕೆ ಪರಿಹಾರ ಸುಂದರಕಾಂಡದಲ್ಲಿದೆ. ವಾಲ್ಮೀಕಿಗಳು ಅಲ್ಲಿ 'ಅನಿರ್ವೇದ'ವೆಂಬ ಪದವನ್ನು ಬಳಸಿದ್ದಾರೆ. ನಿರ್ವೇದಕ್ಕೆ ಎರಡು ಮುಖಗಳಿವೆ. ವಿಷಯಭೋಗಗಳಲ್ಲಿ ಜುಗುಪ್ಸೆ ಹುಟ್ಟಿ ಮನಸ್ಸು ಭಗವಂತನ ಕಡೆ ತಿರುಗುವುದು ಒಂದು. ಅದು ವೈರಾಗ್ಯ, ಸಾಧಕನಿಗೆ ಬೇಕಾದುದು. ಮಾಡಬೇಕಾದ ಕಾರ್ಯದಲ್ಲಿಯೇ ಬೇಸತ್ತು ಕೈಚೆಲ್ಲಿ ಕೂರುವುದು ಇನ್ನೊಂದು, ಅದು ಬಾಧಕ. ಈ ಎರಡನೆಯದು ಇಲ್ಲದಿರುವುದೇ ಅನಿರ್ವೇದ. ಫಲದ ಆಶೆಯನ್ನು ಬಿಟ್ಟವನೂ ಅನಿರ್ವೇದವನ್ನು ಬಿಡಬೇಕಾಗಿಲ್ಲ, ಬಿಡಲೂ ಕೂಡದು.

ಸಂದರ್ಭವನ್ನು ನೆನಪಿಸಿಕೊಳ್ಳೋಣ. ಹನುಮಂತನು ಸಮುದ್ರವನ್ನು ಲಂಘಿಸಿ ಲಂಕೆಯನ್ನು ಹೊಕ್ಕು, ರಾವಣನ ಅಂತಃಪುರವನ್ನೆಲ್ಲ ಶೋಧಿಸುತ್ತಾನೆ. ಮಂಡೋದರಿಯನ್ನು ಕಂಡು ಸೀತೆಯೆಂದು ಭ್ರಮಿಸಿದಂತೆ ತೋರಿ, ಅಲ್ಲವೆಂದು ತಿಳಿದು ಮತ್ತೆ ಹುಡುಕುತ್ತಾನೆ. ಎಲ್ಲಿಯೂ ಕಾಣದಾದಾಗ, ಬರಿಗೈಯಲ್ಲಿ ಹಿಂದಿರುಗಿದರೆ ಆಗುವ ಅನರ್ಥಗಳನ್ನು ನೆನೆದು, ತಾನು ಹಿಂದಿರುಗುವುದೇ ಬೇಡ, ಬದುಕುವುದೇ ಬೇಡವೆಂಬವರೆಗೂ ಚಿಂತಿಸುತ್ತಾನೆ. ಜೀವೋತ್ತಮನಾದ ವಾಯುದೇವನಿಗೆ ಭ್ರಮೆಯೂ ಇಲ್ಲ, ವಿಷಾದವೂ ಇಲ್ಲವೆಂಬುದು ನಮ್ಮ ಸಿದ್ಧಾಂತ. ಇದೆಲ್ಲ ಲೋಕಶಿಕ್ಷಣಕ್ಕಾಗಿ ತೋರಿದ ನಟನೆ. ಹಾಗಾದರೆ ಲೋಕಕ್ಕೆ ಅವನು ಕಲಿಸಿದ್ದೇನು? ಬದುಕಿದ್ದರೆ ತಾನೆ ಒಳ್ಳೆಯದನ್ನು ಕಾಣಲು ಸಾಧ್ಯವೆಂದು ನಿಶ್ಚಯಿಸಿ, ಸುತ್ತಲೂ ನೋಡುತ್ತಾನೆ. ಇನ್ನೂ ಹುಡುಕದಿರುವ ತೋಟವೊಂದು ಉಳಿದಿರುವುದು ಕಾಣುತ್ತದೆ. ಅದೇ ಅಶೋಕವನ. ಸೀತೆ ಸಿಕ್ಕಿಯೇ ಸಿಗುವಳೆಂಬ ಖಾತರಿ ಆ ಗಳಿಗೆಯಲ್ಲಿ ಇರಲಿಲ್ಲ. ಹುಡುಕದ ತೋಟವೊಂದು ಉಳಿದಿದೆ, ಅಲ್ಲಿಗೆ ಹೋಗಬೇಕು, ಇಷ್ಟೇ. ಅನಿರ್ವೇದವೆಂದರೆ ಇಷ್ಟೇ.

ಮನಸ್ಸಿನ ಈ ಸ್ಥಿತಿಗೂ ದೇಹದ ಆರೋಗ್ಯಕ್ಕೂ ಸಂಬಂಧವೇನೆಂದು ಕೇಳಬಹುದು. ಭಗವದ್ಗೀತೆಯ ಮೊದಲನೆಯ ಅಧ್ಯಾಯದ ಹೆಸರೇ ಅರ್ಜುನವಿಷಾದಯೋಗ. ಅಲ್ಲಿ ಅರ್ಜುನನು ತನ್ನ ದುಃಖವನ್ನು ಹೇಳಿಕೊಳ್ಳುವಾಗ ಮೊದಲು ಹೇಳುವುದು ತತ್ತ್ವವನ್ನಲ್ಲ, ದೇಹದ ಅವಸ್ಥೆಯನ್ನು. ಅಂಗಾಂಗಗಳು ಕುಸಿಯುತ್ತವೆ, ಬಾಯಿ ಒಣಗುತ್ತದೆ, ಮೈ ನಡುಗುತ್ತದೆ, ಚರ್ಮ ಉರಿಯುತ್ತದೆ, ಗಾಂಡೀವ ಕೈಯಿಂದ ಜಾರುತ್ತದೆ. ಇಂದಿನ ವೈದ್ಯರು ಆತಂಕದ ಲಕ್ಷಣಗಳೆಂದು ಹೇಳುವುದೂ ಹೆಚ್ಚುಕಡಿಮೆ ಇವನ್ನೇ. ಅರ್ಜುನನಿಗೆ ಗಾಯವಾಗಿರಲಿಲ್ಲ, ಯುದ್ಧವಿನ್ನೂ ಆರಂಭವಾಗಿರಲಿಲ್ಲ. ಮನಸ್ಸು ಕುಸಿದಿತ್ತು, ಅದರೊಡನೆ ದೇಹವೂ ಕುಸಿಯಿತು.

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಒಂದು ಪಟ್ಟಿಯಿದೆ. ಯಾವ ಯಾವ ಕಾರ್ಯದಲ್ಲಿ ಯಾವುದು ಮುಖ್ಯವೆಂಬುದನ್ನು ಅಲ್ಲಿ ಎಣಿಸಲಾಗಿದೆ. ರೋಗವನ್ನು ಬೆಳೆಸುವುವುಗಳಲ್ಲಿ ಅಗ್ರಸ್ಥಾನವನ್ನು ಕೊಟ್ಟಿರುವುದು ಅಪಥ್ಯಕ್ಕಲ್ಲ, ವಿಷಾದಕ್ಕೆ. ಅದೇ ಸ್ಥಾನದ ಇನ್ನೊಂದು ಅಧ್ಯಾಯದಲ್ಲಿ ಚಿಕಿತ್ಸೆ ಸಫಲವಾಗಲು ರೋಗಿಯಲ್ಲಿರಬೇಕಾದ ನಾಲ್ಕು ಗುಣಗಳನ್ನು ಹೇಳಿದೆ: ಸ್ಮರಣೆ, ವೈದ್ಯನ ನಿರ್ದೇಶದಂತೆ ನಡೆಯುವಿಕೆ, ನಿರ್ಭೀತಿ, ಮತ್ತು ತನ್ನ ಬಾಧೆಯನ್ನು ತಿಳಿಯುವಂತೆ ಹೇಳುವ ಶಕ್ತಿ. ನಿರ್ಭೀತಿಯನ್ನು ವೈದ್ಯನ ಮಾತನ್ನು ಕೇಳುವುದರ ಜೊತೆಯಲ್ಲಿಯೇ ಇಟ್ಟಿರುವುದನ್ನು ಗಮನಿಸಬೇಕು. ಧೈರ್ಯವಿದೆಯೆಂದು ಔಷಧವನ್ನು ಬಿಡುವವನೂ, ಔಷಧವಿದೆಯೆಂದು ಧೈರ್ಯವನ್ನು ಬಿಡುವವನೂ ಚರಕರ ದೃಷ್ಟಿಯಲ್ಲಿ ಅರೆರೋಗಿಗಳೇ. ನಾವು ಮಕ್ಕಳಿಗೆ ಸಂಜೆಯ ದೀಪ ಹಚ್ಚುವಾಗ ಕಲಿಸುವ ಹನುಮಂತನ ಪ್ರಾರ್ಥನೆಯಲ್ಲಿಯೂ ಧೈರ್ಯ, ನಿರ್ಭಯತೆ, ಆರೋಗ್ಯಗಳನ್ನು ಒಂದೇ ಉಸಿರಿನಲ್ಲಿ ಬೇಡುತ್ತೇವಷ್ಟೆ. ಆ ಮೂರೂ ಅಕ್ಕಪಕ್ಕದಲ್ಲಿರುವುದು ಆಕಸ್ಮಿಕವಲ್ಲ.

ಆಧುನಿಕ ವಿಜ್ಞಾನವೂ ಈ ಮಾತನ್ನು ತನ್ನ ರೀತಿಯಲ್ಲಿ ಪರೀಕ್ಷಿಸಿದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮೈಕೆಲ್ ಷೈಯರ್ ಮತ್ತು ಚಾರ್ಲ್ಸ್ ಕಾರ್ವರ್ ಅವರು 1985ರಲ್ಲಿ ಮನುಷ್ಯನ ಆಶಾವಾದವನ್ನು ಅಳೆಯಲು ಒಂದು ಪ್ರಶ್ನಾವಳಿಯನ್ನು ರೂಪಿಸಿದರು. 1989ರಲ್ಲಿ ಅವರೂ ಅವರ ಸಂಗಡಿಗರೂ ಪ್ರಕಟಿಸಿದ ಅಧ್ಯಯನವು ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 51 ಮಂದಿ ಪುರುಷರನ್ನು ಕುರಿತದ್ದು. ಆಶಾವಾದಿಗಳು ಬೇಗ ಚೇತರಿಸಿಕೊಂಡು ಬೇಗ ನಿತ್ಯಜೀವನಕ್ಕೆ ಮರಳಿದ್ದು ಅಲ್ಲಿ ಕಂಡುಬಂತು. 2019ರಲ್ಲಿ ಇಂಥ 15 ಅಧ್ಯಯನಗಳನ್ನು, ಒಟ್ಟು 2,29,391 ಜನರ ವಿವರಗಳನ್ನು ಒಟ್ಟುಗೂಡಿಸಿ ನೋಡಿದಾಗ, ಆಶಾವಾದಿಗಳಲ್ಲಿ ಹೃದಯಾಘಾತವೇ ಮೊದಲಾದ ತೊಂದರೆಗಳ ಸಂಭವ ಶೇಕಡಾ 35ರಷ್ಟು ಕಡಿಮೆಯಿತ್ತು. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಹೆಚ್ಚು ಆಶಾವಾದಿಗಳಾದವರ ಆಯುಸ್ಸು ಸರಾಸರಿ ಶೇಕಡಾ 11ರಿಂದ 15ರಷ್ಟು ಹೆಚ್ಚಾಗಿತ್ತು.

ಇದು ಹೇಗಾಗುತ್ತದೆ? ಭಯವೂ ಚಿಂತೆಯೂ ಬಹುಕಾಲ ನಿಂತರೆ ದೇಹದಲ್ಲಿ ಕಾರ್ಟಿಸಾಲ್ ಮೊದಲಾದ ರಸಗಳು ಏರುತ್ತವೆ. ರಕ್ತದೊತ್ತಡ ಹೆಚ್ಚುತ್ತದೆ, ನಿದ್ರೆ ಕೆಡುತ್ತದೆ. ಅದಕ್ಕಿಂತಲೂ ಸರಳವಾದ ಕಾರಣ ಇನ್ನೊಂದಿದೆ. ನಾಳೆ ಎಂಬುದು ಇದೆಯೆಂದು ನಂಬಿದವನು ಇಂದು ನಡೆಯಲು ಹೋಗುತ್ತಾನೆ, ಹೊತ್ತಿಗೆ ಸರಿಯಾಗಿ ಗುಳಿಗೆ ನುಂಗುತ್ತಾನೆ, ತಂಬಾಕನ್ನು ಬಿಡುತ್ತಾನೆ. ನಂಬದವನಿಗೆ ಇವೆಲ್ಲ ವ್ಯರ್ಥವಾಗಿ ಕಾಣುತ್ತವೆ. ಆದರೆ ವಿದ್ವಾಂಸರು ಒಂದು ಎಚ್ಚರಿಕೆಯನ್ನೂ ಹೇಳುತ್ತಾರೆ. ಇವೆರಡೂ ಒಟ್ಟಿಗೆ ಕಾಣುತ್ತವೆ ಎಂದ ಮಾತ್ರಕ್ಕೆ ಒಂದೇ ಇನ್ನೊಂದಕ್ಕೆ ಕಾರಣವೆಂದು ಸಿದ್ಧವಾಗುವುದಿಲ್ಲ. ಆರೋಗ್ಯವಿರುವುದರಿಂದಲೇ ಕೆಲವರು ಆಶಾವಾದಿಗಳಾಗಿರಬಹುದು. ತರ್ಕಶಾಸ್ತ್ರವನ್ನು ಓದಿದವರು ಈ ಎಚ್ಚರಿಕೆಯನ್ನು ಮರೆಯಬಾರದು. ಆಶಾವಾದಿಗಳಿಗೂ ರೋಗ ಬರುತ್ತದೆ. ರೋಗ ಬಂದವರೆಲ್ಲ ನಿರಾಶಾವಾದಿಗಳಲ್ಲ.

ಇನ್ನು ಸಿದ್ಧಾಂತದ ಮಾತು. "ಎಲ್ಲವೂ ಮನಸ್ಸಿನಲ್ಲಿದೆ, ಮನಸ್ಸು ಸರಿಯಾದರೆ ರೋಗವೇ ಇಲ್ಲ" ಎಂದು ಈಚೆಗೆ ಬಹಳ ಜನ ಹೇಳುತ್ತಾರೆ. ಶ್ರೀಮದಾಚಾರ್ಯರ ಮತದಲ್ಲಿ ಈ ಮಾತಿಗೆ ಅವಕಾಶವಿಲ್ಲ. ಜಗತ್ತು ಸತ್ಯ, ಆದುದರಿಂದ ದೇಹ ಸತ್ಯ, ರೋಗ ಸತ್ಯ, ನೋವು ಸತ್ಯ, ಔಷಧವೂ ಸತ್ಯ. ಹಾಗೆಯೇ "ಎಲ್ಲವೂ ಪ್ರಾರಬ್ಧ, ನಾವು ಮಾಡುವುದೇನಿದೆ?" ಎನ್ನುವುದೂ ಸರಿಯಲ್ಲ. ಸ್ವತಂತ್ರನು ಹರಿಯೊಬ್ಬನೇ, ಆದರೂ ಜೀವನಿಗೆ ಕರ್ತೃತ್ವವುಂಟು, ಅದು ಹರ್ಯಧೀನವಾದ ಕರ್ತೃತ್ವ. ಮಾಡಿಸುವವನ ಅಧೀನದಲ್ಲಿದ್ದರೂ ಉಳಿ ಹಿಡಿದು ಕೆತ್ತುವವನು ಬಡಗಿಯೇ ತಾನೆ. ಕರ್ತೃತ್ವವೇ ಇಲ್ಲದಿದ್ದರೆ ಶಾಸ್ತ್ರದ ವಿಧಿನಿಷೇಧಗಳು ಯಾರಿಗೆ? ಪ್ರಾರಬ್ಧದಲ್ಲಿ ಏನಿದೆಯೆಂದು ನಮಗೆ ತಿಳಿಯದು. ತಿಳಿಯದಿರುವಾಗ ಕೆಟ್ಟದ್ದೇ ಇದೆಯೆಂದು ನಿರ್ಣಯಿಸಿ ಕೂರುವುದಕ್ಕೆ ಪ್ರಮಾಣವೇನು?

ನಾವು ರೈಲ್ವೆಯಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ದುಡಿದವರು. ಆದುದರಿಂದ ಅಲ್ಲಿಯ ಒಂದು ದೃಷ್ಟಾಂತವನ್ನು ಕೊಡುತ್ತೇವೆ. ಹಳದಿ ಸಿಗ್ನಲನ್ನು ಕಂಡ ಚಾಲಕನು ಅದನ್ನು ಹಸಿರೆಂದು ಬಗೆದು ಪೂರ್ಣ ವೇಗದಲ್ಲಿ ಗಾಡಿ ಓಡಿಸಿದರೆ ಅಪಘಾತವಾಗುತ್ತದೆ. ಕೆಂಪೆಂದು ಬಗೆದು ಅಲ್ಲಿಯೇ ನಿಲ್ಲಿಸಿಬಿಟ್ಟರೆ ಹಿಂದಿನ ಗಾಡಿಗಳೆಲ್ಲ ನಿಂತುಹೋಗುತ್ತವೆ. ಮುಂದಿನ ಸಿಗ್ನಲಿನಲ್ಲಿ ನಿಲ್ಲಲು ಸಿದ್ಧನಾಗಿ ಮುಂದುವರಿ ಎಂಬುದು ಅದರ ಅರ್ಥ. ಬದುಕಿನಲ್ಲಿ ನಮಗೆ ಕಾಣುವುದು ಬಹುಪಾಲು ಹಳದಿ ಸಿಗ್ನಲೇ. ಅದನ್ನು ಹಸಿರೆಂದು ಹೇಳುವುದು ಭ್ರಾಂತಿ, ಕೆಂಪೆಂದು ಹೇಳುವುದು ವಿಷಾದ. ಹಳದಿಯೆಂದೇ ಅರಿತು ಮುಂದುವರಿಯುವುದು ಅನಿರ್ವೇದ.

ಇದನ್ನು ನಾವು ಪುಸ್ತಕದಲ್ಲಿ ಓದಿ ತಿಳಿದುದಕ್ಕಿಂತ ಸೂರತ್ತಿನಲ್ಲಿ ಕಣ್ಣಾರೆ ಕಂಡು ತಿಳಿದದ್ದು ಹೆಚ್ಚು. 1994ರ ಸೆಪ್ಟೆಂಬರಿನಲ್ಲಿ, ತಾಪಿ ನದಿಯ ನೆರೆ ಇಳಿದ ಮೇಲೆ, ಆ ನಗರದಲ್ಲಿ ನ್ಯುಮೋನಿಕ್ ಪ್ಲೇಗಿನ ಸುದ್ದಿ ಹಬ್ಬಿತು. ಅಂದು ಕರ್ತವ್ಯದ ಮೇಲೆ ನಾವು ನಿಲ್ದಾಣದಲ್ಲಿದ್ದೆವು. ಮೂಗಿಗೆ ಬಟ್ಟೆ ಕಟ್ಟಿಕೊಂಡ ಜನ, ಮಕ್ಕಳನ್ನು ಕಿಟಕಿಯಿಂದ ಒಳಕ್ಕೆ ತಳ್ಳುವ ತಂದೆಯರು, ಗಾಡಿಯ ಛಾವಣಿಯವರೆಗೂ ಹತ್ತಿದವರು. ಕೆಲವೇ ದಿನಗಳಲ್ಲಿ ಲಕ್ಷಗಟ್ಟಲೆ ಜನ ಊರು ಬಿಟ್ಟರು. ನಮ್ಮ ಕನ್ನಡದ ಕುಟುಂಬಗಳೂ ಅವರಲ್ಲಿದ್ದವು. ಆ ರೋಗಕ್ಕೆ ಟೆಟ್ರಾಸೈಕ್ಲಿನ್ ಎಂಬ ಸಾಮಾನ್ಯ ಔಷಧ ಪರಿಣಾಮಕಾರಿಯಾಗಿತ್ತು. ವೇಳೆಗೆ ಸರಿಯಾಗಿ ತೆಗೆದುಕೊಂಡವರು ಉಳಿಯಬಹುದಾಗಿತ್ತು. ಅಧಿಕೃತ ಲೆಕ್ಕದಂತೆ ಇಡೀ ದೇಶದಲ್ಲಿ ಆಗ ಪ್ಲೇಗಿನಿಂದ ಸತ್ತವರು ಅರುವತ್ತಕ್ಕೂ ಕಡಿಮೆ. ಸಾವು ಸತ್ಯವಾಗಿತ್ತು, ಆದರೆ ಭಯ ಅದನ್ನು ಸಾವಿರಪಟ್ಟು ಮೀರಿಸಿತ್ತು.

ಇನ್ನು ಸೂರತ್ ತಲೆಯೆತ್ತುವುದಿಲ್ಲವೆಂದು ಆಗ ಅನೇಕರು ಹೇಳಿದರು, ನಾವೂ ಹೇಳಿದೆವು. ಆದರೆ 1995ರಲ್ಲಿ ಅಲ್ಲಿಯ ನಗರಪಾಲಿಕೆಗೆ ಆಯುಕ್ತರಾಗಿ ಬಂದ ಎಸ್. ಆರ್. ರಾವ್ ಅವರ ಕಾಲದಲ್ಲಿ ಅಧಿಕಾರಿಗಳು ದಿನವೂ ಕಚೇರಿ ಬಿಟ್ಟು ಬೀದಿಗಿಳಿದರು. ರಾತ್ರಿಯಲ್ಲಿ ರಸ್ತೆ ಗುಡಿಸುವ ವ್ಯವಸ್ಥೆಯಾಯಿತು, ಕಸ ಹೊತ್ತುಹೊತ್ತಿಗೆ ಸಾಗಿತು, ಕೊಳೆಗೇರಿಗಳಿಗೆ ನೀರು, ಚರಂಡಿಗಳು ಬಂದವು. ಎರಡೇ ವರ್ಷಗಳಲ್ಲಿ ಆ ನಗರ ದೇಶದ ಸ್ವಚ್ಛ ನಗರಗಳ ಸಾಲಿಗೆ ಸೇರಿತು. 2006ರ ಆಗಸ್ಟಿನಲ್ಲಿ ತಾಪಿ ಮತ್ತೆ ಉಕ್ಕಿ ಊರಿನ ಬಹುಭಾಗವನ್ನು ಮುಳುಗಿಸಿತು; ಮತ್ತೆ ಕೆಸರು ತೆಗೆದರು. 2023ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಸೂರತ್ ಇಂದೋರಿನೊಡನೆ ಮೊದಲ ಸ್ಥಾನವನ್ನು ಹಂಚಿಕೊಂಡಿತು. ಒಳ್ಳೆಯದಾಗುತ್ತದೆ ಎಂದು ಹೇಳುತ್ತ ಕುಳಿತಿದ್ದರೆ ಇದು ಆಗುತ್ತಿರಲಿಲ್ಲ. ಇನ್ನೇನೂ ಆಗುವುದಿಲ್ಲವೆಂದು ಕುಳಿತಿದ್ದರೂ ಆಗುತ್ತಿರಲಿಲ್ಲ. ಪೊರಕೆ ಹಿಡಿದದ್ದರಿಂದ ಆಯಿತು. ಊರಿಗೆ ಅನ್ವಯಿಸುವುದು ದೇಹಕ್ಕೂ ಅನ್ವಯಿಸುತ್ತದೆ.

ಇಷ್ಟನ್ನು ಬರೆದ ಮೇಲೆ ನಮ್ಮ ಒಂದು ತಪ್ಪನ್ನೂ ಹೇಳಲೇಬೇಕು. ಹೇಳದಿದ್ದರೆ ಈ ಲೇಖನ ಅರ್ಧ ಸತ್ಯವಾಗುತ್ತದೆ.

ಹಲವು ವರ್ಷಗಳ ಹಿಂದೆ ವಡೋದರದಲ್ಲಿ ನಮ್ಮ ಭಜನೆಗೆ ಬರುತ್ತಿದ್ದ ಒಬ್ಬ ತರುಣನು ಕೆಲಸ ಕಳೆದುಕೊಂಡು, ಕ್ರಮೇಣ ಮಾತು ಕಡಿಮೆ ಮಾಡಿ, ಊಟ ನಿದ್ರೆಗಳನ್ನು ಬಿಟ್ಟಿದ್ದನು. ಮನೋವೈದ್ಯರು ಅದನ್ನು ಖಿನ್ನತೆಯೆಂದು ಗುರುತಿಸಿ ಗುಳಿಗೆಗಳನ್ನು ಕೊಟ್ಟಿದ್ದರು. ಅವನು ನಮ್ಮ ಬಳಿ ಬಂದಾಗ ನಾವು ಪಾಂಡಿತ್ಯದ ಭರದಲ್ಲಿ, "ದೇವರಲ್ಲಿ ವಿಶ್ವಾಸವಿದ್ದವನಿಗೆ ಈ ಗುಳಿಗೆಗಳೇಕೆ? ನಿನಗೆ ವಿಶ್ವಾಸ ಸಾಲದು, ಮನಸ್ಸನ್ನು ಗಟ್ಟಿ ಮಾಡಿಕೋ" ಎಂದೆವು. ಅವನು ಗುಳಿಗೆ ಬಿಟ್ಟನು. ತಿಂಗಳೊಳಗೆ ಅವನ ಸ್ಥಿತಿ ಮನೆಯವರು ರಾತ್ರಿಯೆಲ್ಲ ಕಾವಲಿರಬೇಕಾದಷ್ಟು ಕೆಟ್ಟಿತು. ಅವನ ಅಣ್ಣ ಮತ್ತೆ ವೈದ್ಯರ ಬಳಿಗೆ ಕರೆದೊಯ್ದು, ಬಹುಕಾಲದ ಚಿಕಿತ್ಸೆಯಿಂದ, ಹರಿಯ ಕೃಪೆಯಿಂದ ಅವನು ಗುಣಹೊಂದಿದನು. ಮುಂದೊಂದು ದಿನ ಅವನೇ ನಮಗೆ ಹೇಳಿದನು: "ಆಚಾರ್ರೇ, ಆಗ ನನ್ನ ಹತ್ತಿರ ಉಳಿದದ್ದು ದೇವರ ಮೇಲಿನ ನಂಬಿಕೆ ಒಂದೇ. ಅದೂ ಇಲ್ಲ ಅಂತ ನೀವು ಹೇಳಿದಿರಿ." ಅವನ ದನಿಯಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ನಮಗೆ ಇಷ್ಟು ನೋವಾಗುತ್ತಿರಲಿಲ್ಲ.

ಖಿನ್ನತೆಯು ಭಕ್ತಿಯ ಕೊರತೆಯಲ್ಲ. ಜ್ವರದಂತೆ, ಮಧುಮೇಹದಂತೆ ಅದೂ ಒಂದು ರೋಗ. ಕಾಲು ಮುರಿದವನಿಗೆ ನಡೆ ಎಂದರೆ ಹೇಗೆ ನಡೆಯಲಾರನೋ, ಹಾಗೆಯೇ ಆ ರೋಗ ಹಿಡಿದವನಿಗೆ ಧೈರ್ಯ ತಂದುಕೋ ಎಂದರೆ ತಂದುಕೊಳ್ಳಲಾರನು. ಗೀತೆಯಲ್ಲಿಯೂ ಶ್ರೀಕೃಷ್ಣನು ಮೊದಲು ಕಟುವಾಗಿಯೇ ಎಚ್ಚರಿಸುತ್ತಾನೆ. ಅಷ್ಟರಿಂದಲೇ ಅರ್ಜುನನು ಏಳಲಿಲ್ಲವಷ್ಟೆ. ಅವನು ಎದ್ದುನಿಂತದ್ದು ಹದಿನೆಂಟನೆಯ ಅಧ್ಯಾಯದ ಕೊನೆಯಲ್ಲಿ. ಅಲ್ಲಿಯವರೆಗೆ ಭಗವಂತನು ಅವನ ಪ್ರಶ್ನೆಗಳನ್ನೆಲ್ಲ ಕೇಳಿದನು, ಅವನ ಪಕ್ಕವನ್ನು ಬಿಡಲಿಲ್ಲ. ನಾವು ಆ ತರುಣನಿಗೆ ಎರಡನೆಯ ಅಧ್ಯಾಯದ ಆರಂಭವನ್ನಷ್ಟೇ ಹೇಳಿ ಎದ್ದುಹೋಗಿದ್ದೆವು.

ಹಾಗಾದರೆ ಸ್ವಂತ ಧೈರ್ಯ ಬತ್ತಿದವನಿಗೆ ಅದು ಎಲ್ಲಿಂದ ಬರಬೇಕು? ಮತ್ತೆ ಸುಂದರಕಾಂಡಕ್ಕೇ ಹೋಗೋಣ. ಅಶೋಕವನದಲ್ಲಿ ಸೀತಾದೇವಿಯು ತನ್ನ ಜಡೆಯಿಂದಲೇ ಪ್ರಾಣವನ್ನು ಬಿಡಬೇಕೆಂದು ಯೋಚಿಸುವಂತೆ ತೋರುತ್ತಾಳೆ. ರಮಾದೇವಿಗೆ ದುಃಖಸ್ಪರ್ಶವಿಲ್ಲ; ಇದೂ ನಮ್ಮ ಶಿಕ್ಷಣಕ್ಕಾಗಿಯೇ. ಮರದ ಮೇಲಿದ್ದ ಹನುಮಂತನು ಕೆಳಗಿಳಿದು ಉಪದೇಶ ಮಾಡಲಿಲ್ಲ. ಯಾವ ಭಾಷೆಯಲ್ಲಿ ಮಾತನಾಡಲಿ ಎಂದು ಮೊದಲು ಯೋಚಿಸಿದನು. ಪಂಡಿತರ ಸಂಸ್ಕೃತದಲ್ಲಿ ಮಾತನಾಡಿದರೆ ರಾವಣನೇ ಬಂದನೆಂದು ಹೆದರಿಯಾಳೆಂದು, ಆಕೆಗೆ ಹತ್ತಿರವಾದ ಸಾಮಾನ್ಯ ಮನುಷ್ಯರ ಮಾತಿನಲ್ಲಿ ಶ್ರೀರಾಮನ ಕಥೆಯನ್ನು ಮೆಲ್ಲಗೆ ಹೇಳತೊಡಗಿದನು. ಆಮೇಲೆ ಉಂಗುರ, ಆಮೇಲೆ ಭರವಸೆ. ನವವ್ಯಾಕರಣಪಂಡಿತನಾದ ಹನುಮಂತನೇ ಸಂಸ್ಕೃತವನ್ನು ಬದಿಗಿಟ್ಟ ಆ ಗಳಿಗೆಯಿಂದ ಸಂಸ್ಕೃತವನ್ನೋದಿದ ನಮ್ಮಂಥವರು ಕಲಿಯಬೇಕಾದುದು ಬಹಳವಿದೆ. ಪರಊರಿನಲ್ಲಿರುವ ನಮಗೆಲ್ಲರಿಗೂ ಇನ್ನೊಂದು ಪಾಠವಿದೆ. ಗುಜರಾತಿನ ವೈದ್ಯರು ಎಷ್ಟು ನಿಪುಣರಾದರೂ, ರೋಗದಲ್ಲಿರುವ ಮುದುಕರಿಗೆ ತಮ್ಮೂರಿನ ಮಾತಿನಲ್ಲಿ "ಹೆಂಗಿದ್ದೀರಿ?" ಎಂದು ಕೇಳುವವರು ಬೇಕು. ಅದನ್ನು ನಾವಲ್ಲದೆ ಇನ್ನಾರು ಮಾಡಬೇಕು?

ನಮ್ಮ ದಾಸಸಾಹಿತ್ಯದ ಪರಂಪರೆಯಲ್ಲಿ ಇದಕ್ಕಿಂತಲೂ ದೊಡ್ಡ ನಿದರ್ಶನವಿದೆ. ಮಾನ್ವಿಯ ಶ್ರೀನಿವಾಸಾಚಾರ್ಯರು ಮಹಾವಿದ್ವಾಂಸರು. ಕನ್ನಡದಲ್ಲಿ ಹಾಡುವ ದಾಸರನ್ನು ಹಗುರವಾಗಿ ಕಂಡು, ವಿಜಯದಾಸರ ಆಹ್ವಾನವನ್ನು ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರೆಂದೂ, ನೆಪವೇ ನಿಜವಾಗಿ ಘೋರವಾದ ಉದರರೋಗ ಅವರನ್ನು ಹಿಡಿಯಿತೆಂದೂ ಸಂಪ್ರದಾಯ ಹೇಳುತ್ತದೆ. ಕೊನೆಗೆ ಅವರು ವಿಜಯದಾಸರಿಗೆ ಶರಣಾದಾಗ, ಗುರುಗಳ ಆಣತಿಯಂತೆ ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ ನಲವತ್ತು ವರ್ಷಗಳನ್ನು ಅವರಿಗೆ ಧಾರೆಯೆರೆದರು. ಆ ಶ್ರೀನಿವಾಸಾಚಾರ್ಯರೇ ಮುಂದೆ ಜಗನ್ನಾಥದಾಸರಾಗಿ ಹರಿಕಥಾಮೃತಸಾರವನ್ನು ರಚಿಸಿದರು. ದಾನವಾಗಿ ಬಂದ ಆಯುಸ್ಸಿನಿಂದ ನಮಗೆ ಆ ಗ್ರಂಥ ದೊರಕಿತು. ಆಯುಸ್ಸನ್ನು ಕೊಡುವ ಶಕ್ತಿ ಗೋಪಾಲದಾಸರಂಥ ಮಹಾತ್ಮರಿಗೆ ಮಾತ್ರ. ಆದರೆ ನಮ್ಮ ಆಯುಸ್ಸಿನಲ್ಲಿ ಒಂದು ಸಂಜೆಯನ್ನು ರೋಗಿಯೊಬ್ಬನ ಮಂಚದ ಪಕ್ಕದಲ್ಲಿ ಕಳೆಯಲು ನಮ್ಮೆಲ್ಲರಿಗೂ ಸಾಧ್ಯ. ಅದೂ ಒಂದು ಬಗೆಯ ಆಯುರ್ದಾನವೇ.

ಆದುದರಿಂದ ನಮ್ಮ ಮೂರೂ ನಗರಗಳ ಸಜ್ಜನರಲ್ಲಿ ಕೆಲವು ವಿನಂತಿಗಳು. ಬಾಲ್ಯದಲ್ಲಿ ಶ್ರೀಮದಾಚಾರ್ಯರು ಓಟ, ಮಲ್ಲಯುದ್ಧ ಮೊದಲಾದುವುಗಳಲ್ಲಿ ಎಲ್ಲರನ್ನೂ ಮೀರಿಸಿದ್ದನ್ನು ಸುಮಧ್ವವಿಜಯ ವರ್ಣಿಸುತ್ತದೆ. ದೇಹವನ್ನು ಅಲ್ಲಗಳೆಯುವುದು ನಮ್ಮ ಸಂಪ್ರದಾಯವಲ್ಲ. ಶಕ್ತಿಯಿದ್ದಷ್ಟು ದಿನವೂ ನಡೆಯಬೇಕು. ಮಧುಮೇಹ, ಹೃದ್ರೋಗಗಳಿರುವವರು ಏಕಾದಶಿಯ ವಿಷಯವಾಗಿ ವೈದ್ಯರನ್ನೂ ಮಠದ ಹಿರಿಯರನ್ನೂ ಕೇಳಿ ನಡೆಯಬೇಕು. ರೋಗಿಗಳಿಗೂ ವೃದ್ಧರಿಗೂ ಶಾಸ್ತ್ರವೇ ರಿಯಾಯಿತಿ ಕೊಟ್ಟಿದೆ. ಎರಡು ವಾರಗಳಿಗೂ ಮಿಕ್ಕಿ ಮನಸ್ಸು ಕುಗ್ಗಿ, ನಿದ್ರೆ ಊಟಗಳು ತಪ್ಪಿ, ಬದುಕೇ ಬೇಡವೆಂಬ ಮಾತು ಬಂದರೆ, ಅದನ್ನು ನಾಚಿಕೆಯ ವಿಷಯವೆಂದು ಬಚ್ಚಿಡದೆ ವೈದ್ಯರಲ್ಲಿಗೆ ಹೋಗಬೇಕು. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿಮಾನಸ್ ಸೇವೆಯ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಹಗಲು ರಾತ್ರಿ ಉಚಿತವಾಗಿ ಸಲಹೆ ದೊರೆಯುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು. ಜಪ, ಪಾರಾಯಣಗಳನ್ನು ಔಷಧದ ಜೊತೆಯಲ್ಲಿ ಮಾಡಬೇಕು, ಔಷಧದ ಬದಲಾಗಿ ಅಲ್ಲ. ವೈದ್ಯನಲ್ಲಿಯೂ ಔಷಧದಲ್ಲಿಯೂ ಧನ್ವಂತರಿರೂಪಿಯಾದ ಶ್ರೀಹರಿಯೇ ನಿಂತು ಕೆಲಸ ಮಾಡಿಸುತ್ತಾನೆಂಬ ಅನುಸಂಧಾನವಿದ್ದರೆ, ಗುಳಿಗೆ ನುಂಗುವುದೂ ಉಪಾಸನೆಯ ಅಂಗವಾಗುತ್ತದೆ.

ಆ ತಾಯಿಯ ವಿಷಯ ಹೇಳಿ ಮುಗಿಸುತ್ತೇವೆ. ಮುಂದಿನ ತಿಂಗಳು ಸೂರತ್ತಿಗೆ ಹೋದಾಗ ನಾವು ಪ್ರವಚನಕ್ಕಿಂತ ಮೊದಲು ಅವರ ಮನೆಗೆ ಹೋದೆವು. ಉಪದೇಶ ಮಾಡಲಿಲ್ಲ. ರೋಗಿಯ ಬಳಿ ಕುಳಿತು, ಅವರ ಬಾಲ್ಯದ ಊರು, ತುಂಗಭದ್ರೆಯ ಹೊಳೆ, ಜೋಳದ ಹೊಲಗಳ ವಿಷಯ ಕೇಳಿದೆವು. ಬಹಳ ಹೊತ್ತಿನ ಮೇಲೆ ಅವರು ಗೋಡೆಯಿಂದ ನಮ್ಮ ಕಡೆಗೆ ತಿರುಗಿದರು. ಅಂದಿನಿಂದ ಮಠದ ಇಬ್ಬರು ಗೃಹಸ್ಥರು ಸರದಿಯಂತೆ ಸಂಜೆ ಅವರ ಮನೆಗೆ ಹೋಗುತ್ತಿದ್ದಾರೆ. ವೈದ್ಯರಿಗೆ ಮನಸ್ಸಿನ ಸ್ಥಿತಿಯನ್ನೂ ತಿಳಿಸಿ, ಅದಕ್ಕೂ ಚಿಕಿತ್ಸೆ ಆರಂಭವಾಯಿತು. ಮೊದಲು ಬಾಗಿಲವರೆಗೆ ನಡೆದರು, ಅನಂತರ ಓಣಿಯ ಮೊದಲನೆಯ ದೀಪದ ಕಂಬದವರೆಗೆ. ಈಗ ನಾಲ್ಕನೆಯ ಕಂಬವನ್ನು ಮುಟ್ಟಿ ಬರುತ್ತಾರಂತೆ. ಐದನೆಯದನ್ನು ಎಂದು ಮುಟ್ಟುವರೋ, ಮುಟ್ಟುವರೋ ಇಲ್ಲವೋ, ಶ್ರೀಹರಿಗೆ ಗೊತ್ತು. ನಾಲ್ಕನೆಯ ಕಂಬದವರೆಗಿನ ದಾರಿ ಮಾತ್ರ ಇಂದು ತೆರೆದಿದೆ.

ಉಡುಪಿಯ ಶ್ರೀಕೃಷ್ಣನು ಈ ಗುಜರಾತಿನ ದ್ವಾರಕೆಯಿಂದಲೇ ಬಂದವನೆಂಬುದು ನಮಗೆಲ್ಲ ತಿಳಿದ ಕಥೆ. ಹಡಗು ಓಲಾಡದಿರಲೆಂದು ತಳದಲ್ಲಿಟ್ಟಿದ್ದ ಗೋಪೀಚಂದನದ ಗಡ್ಡೆಯೊಳಗೆ ಅವನಿದ್ದನು. ನಾವಿಕರಿಗೆ ಅದು ಬರಿಯ ಭಾರವಾಗಿತ್ತು. ಮಲ್ಪೆಯ ಬಿರುಗಾಳಿಯಲ್ಲಿ ಶ್ರೀಮದಾಚಾರ್ಯರು ದಡದಿಂದ ವಸ್ತ್ರವನ್ನು ಬೀಸಿ ಆ ಹಡಗನ್ನು ಉಳಿಸಿದರು. ಬಿರುಗಾಳಿಗೆ ಸಿಕ್ಕಿದವರಿಗೆ ತಮ್ಮ ಹಡಗಿನಲ್ಲಿಯೇ ಹರಿಯಿರುವುದು ತಿಳಿಯದಿರಬಹುದು. ದಡದಲ್ಲಿ ನಿಂತವರು ಬಟ್ಟೆ ಬೀಸಬೇಕು. "ಎಲ್ಲಿಂದ ತರಬೇಕು?" ಎಂದು ಕೇಳಿದ ಆ ತಾಯಿಗೆ ನಮ್ಮ ಉತ್ತರ ಇದು: ತಾಯೀ, ನೀವು ತರಬೇಕಾಗಿಲ್ಲ. ಅದನ್ನು ನಿಮ್ಮ ಮನೆಗೆ ತಂದು ಮುಟ್ಟಿಸುವುದು ನಮ್ಮ ಕರ್ತವ್ಯ.

ಶ್ರೀಕೃಷ್ಣಾರ್ಪಣಮಸ್ತು.